ಬಂಡೆಯೊಳಗಿನ ಮೂರನೆಯ ಪೆಟ್ಟು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದೆವ್ವ, ಶಕುನ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಅದನ್ನು ಮುಚ್ಚಿಸುವವರೆಗೆ ನನಗೆ ಸಮಾಧಾನವಿರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ "ಆವತ್ತು ರಾತ್ರಿ ಏನು ಉಂಡಿದ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಇಂಥ ಕಥೆಗಳೆಲ್ಲ ರಾತ್ರಿಯೇ ಯಾಕೆ ನಡೆಯುತ್ತವೆ, ಹಗಲು ಹೊತ್ತು ದೆವ್ವಗಳಿಗೆ ರಜೆಯೇ ಎಂದೂ ಕೇಳುತ್ತಿದ್ದೆ. ನನಗಾದದ್ದು ಮಟಮಟ ಮಧ್ಯಾಹ್ನ. ಅದನ್ನು ಸ್ಟಾಫ್ ರೂಮಿನಲ್ಲಿ ಈವರೆಗೆ ಹೇಳಿಲ್ಲ. ನಾನು ಏನು ಉಂಡಿದ್ದೆ ಎಂದು ಅವರು ಕೇಳದೆ ಬಿಟ್ಟಾರೆಯೇ?

ನಮ್ಮ ಮನೆ ಕಂಪ್ಲಿಯಲ್ಲಿ. ಮನೆಯಲ್ಲಿ ನಾವು ಮೂವರು. ನಮ್ಮ ಮನೆಯವರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಸೆಕೆಂಡ್ ಶಿಫ್ಟ್ ಇದ್ದರೆ ಮನೆ ಸೇರುವುದು ನಡುರಾತ್ರಿ. ಹಾಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ನಾನು ಮತ್ತು ನನ್ನ ಅತ್ತೆ. ನಮ್ಮಿಬ್ಬರ ನಡುವೆ ಅಡುಗೆಗಾಗಿ ಜಗಳವಿಲ್ಲ, ಸೀರೆಗಾಗಿ ಜಗಳವಿಲ್ಲ. ನಮ್ಮ ಜಗಳವೆಲ್ಲ ಹಲ್ಲಿಯದು. ಟ್ಯೂಬ್‌ಲೈಟಿನ ಹಿಂದೆ ಸಂಸಾರ ಹೂಡಿದ ಹಲ್ಲಿಗಳು ಯಾವ ದಿಕ್ಕಿನಿಂದ ನುಡಿದವು, ಯಾವ ಮಾತಿಗೆ ನುಡಿದವು ಎಂಬುದೆಲ್ಲ ಅತ್ತೆಗೆ ಬಾಯಿಪಾಠ. ನಾನೋ, ಅವು ಯಾಕೆ ಲೊಚಗುಟ್ಟುತ್ತವೆ ಎಂದು ಒಂಬತ್ತನೇ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುವವಳು.

ಹಲ್ಲಿ ನುಡಿದರೆ ನಮ್ಮ ಕಡೆ ಹಿರಿಯರು ಕೂತ ನೆಲವನ್ನೋ ಪಕ್ಕದ ಗೋಡೆಯನ್ನೋ ಬೆರಳಿನಿಂದ ಮೂರು ಸಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಅತ್ತೆಯದು ಸ್ವಲ್ಪ ಬೇರೆ. ಬೆರಳಿನ ಗೆಣ್ಣಿನಿಂದ ನೆಲದ ಕಡಪ ಕಲ್ಲಿಗೆ "ಕೃಷ್ಣ, ಕೃಷ್ಣ" ಎನ್ನುತ್ತ ಬೇಗಬೇಗ ಎರಡು ಪೆಟ್ಟು. ಆಮೇಲೆ ಉಸಿರೆಳೆದುಕೊಂಡು "ಎಲ್ಲಾರ್ಗೂ ಚಲೋ ಆಗ್ಲಿ" ಎಂದು ಮೆಲ್ಲಗೆ ಮೂರನೆಯದು. ಆ ಮೂರನೆಯ ಪೆಟ್ಟನ್ನು ಅವರು ಎಲ್ಲಿ ಕಲಿತರೋ, ಹಾಗೆ ತಡೆದು ಕುಟ್ಟುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದು ತಮಾಷೆಯಾಗಿತ್ತು. ಬರಬರುತ್ತ ಕಿರಿಕಿರಿಯಾಯಿತು. ಟಕ್ ಟಕ್, ಆಮೇಲೆ ಟಕ್. ಉತ್ತರ ಪತ್ರಿಕೆ ತಿದ್ದುತ್ತ ಕೂತಾಗ ಆ ಮೂರನೆಯದು ಬೀಳುವವರೆಗೆ ನನ್ನ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಈಗ ಡಬ್ಬಿಗಳ ವಿಷಯ. ಹೊಸಪೇಟೆಯಲ್ಲಿ ನನ್ನ ಗೆಳತಿ ಶಾರದಾ ಎಂಬವಳಿದ್ದಾಳೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಜಿಯೋಕ್ಯಾಷಿಂಗ್ ಎಂಬ ಆಟವನ್ನು ನನಗೆ ಹಚ್ಚಿದವಳು ಅವಳೇ. ಎಲ್ಲೋ ಒಂದು ಕಡೆ ಡಬ್ಬಿ ಅಡಗಿಸಿ, ಅದರೊಳಗೆ ಒಂದು ಪುಟ್ಟ ನೋಟ್‌ಬುಕ್ ಇಟ್ಟು, ಆ ಜಾಗದ ಗುರುತನ್ನು ಮೊಬೈಲ್ ಆ್ಯಪಿನಲ್ಲಿ ಹಾಕುವುದು. ಬೇರೆಯವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಬಂದು, ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುವುದು. ಇಷ್ಟೇ ಆಟ. ನಾವು ಅದಕ್ಕೆ ನಮ್ಮ ಸೀಮೆಯ ಹಲ್ಲಿಗಳನ್ನು ಸೇರಿಸಿದೆವು. ಒಂದೊಂದು ಡಬ್ಬಿಗೆ ಒಂದೊಂದು ಹಲ್ಲಿಯ ಹೆಸರು, ಒಳಗೆ ಅದರ ಚಿತ್ರ ಮತ್ತು ನಾಲ್ಕು ಸಾಲು ಮಾಹಿತಿ. ಮನೆಹಲ್ಲಿಯದು ಹೊಸಪೇಟೆಯಲ್ಲಿ ಶಾರದಾಳ ಕಾಂಪೌಂಡಿಗೆ, ಮರಹಲ್ಲಿಯದು ಮಲಪನಗುಡಿ ದಾರಿಯ ಹುಣಸೆ ಮರದ ಪೊಟರೆಗೆ, ಹುತ್ತದ ಹಲ್ಲಿಯದು ಸಂಡೂರು ತಾಲೂಕಿನ ಬಂಡ್ರಿ ಹತ್ತಿರದ ಕುರುಚಲಿಗೆ. ಹಂಪಿಯ ಗುಡಿ ಮಂಟಪಗಳ ಹತ್ತಿರ ಏನನ್ನೂ ಇಡಬಾರದೆಂದು ನಾವೇ ನಿಯಮ ಮಾಡಿಕೊಂಡಿದ್ದೆವು.

ಬಂಡೆಹಲ್ಲಿಯ ಡಬ್ಬಿ ನನ್ನದು. ಬಂಡೆಹಲ್ಲಿ ನಮ್ಮ ಹಲ್ಲಿಗಳಲ್ಲಿ ದೊಡ್ಡದು, ಒಂದು ಗೇಣಿಗಿಂತ ಉದ್ದ. ಕಂಪ್ಲಿಯಿಂದ ಕಮಲಾಪುರಕ್ಕೆ ಬರುವ ರಸ್ತೆಯಲ್ಲಿ, ಬಾಳೆ ತೋಟಗಳ ಹಿಂದೆ, ಬಂಡೆಗಳ ಗುಡ್ಡವೊಂದಿದೆ. ಅಲ್ಲಿ ಎರಡು ಭಾರಿ ಬಂಡೆಗಳು ಒಂದಕ್ಕೊಂದು ಒರಗಿವೆ. ಅವುಗಳ ಬುಡದ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಎರಡು ಆಳುದ್ದ ಹೋದರೆ ಒಳಗೆ ಒಬ್ಬರು ಕೂರುವಷ್ಟು ಜಾಗ. ಮೊದಲು ಡಬ್ಬಿಯನ್ನು ಸಂದಿಯ ಬಾಯಲ್ಲೇ ಇಟ್ಟಿದ್ದೆವು. ಭಾಳ ಸುಲಭವಾಯಿತೆಂದು ನಾನೇ ಹಟ ಹಿಡಿದು ಒಳಗಿನ ಗೂಡಿಗೆ ಸಾಗಿಸಿದೆ. ಶಾರದಾ ಗೊಣಗಿದ್ದಕ್ಕೆ, "ಈ ಡಬ್ಬಿಗೆ ಒಬ್ಬರೇ ಹೋಗಬಾರದು, ಒಬ್ಬರು ಹೊರಗೆ ಇರಲೇಬೇಕು" ಎಂದು ಆ್ಯಪಿನಲ್ಲಿ ಎಚ್ಚರಿಕೆ ಬರೆದೆ. ಬರೆದವಳು ನಾನೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ಇದಾಗಿ ನಾಲ್ಕು ವರ್ಷವಾಯಿತು. ಬೇಸಿಗೆ ರಜೆ ಶುರುವಾಗಿತ್ತು. ಆವತ್ತು ನಾನು ಬಂಡ್ರಿಯ ಡಬ್ಬಿ ನೋಡಿಕೊಂಡು ಬರಲೆಂದು ಹೊರಟಿದ್ದೆ. ಮನೆಯವರು ಸೆಕೆಂಡ್ ಶಿಫ್ಟಿಗೆ ಹೊರಡುವ ತಯಾರಿಯಲ್ಲಿದ್ದರು. ನಾನು ಚಪ್ಪಲಿ ಮೆಟ್ಟುತ್ತ "ಬಂಡ್ರಿ ಕಡೆ ಹೋಗಿ ಸಂಜೀಕ ಬರ್ತೀನ್ರಿ ಅತ್ತಿ" ಅಂದೆ. ಆ ಮಾತು ಮುಗಿಯುವುದಕ್ಕೂ ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟುವುದಕ್ಕೂ ಸರಿಹೋಯಿತು. ಅತ್ತೆ ಕುಟ್ಟಿದರು. ಟಕ್ ಟಕ್, ಆಮೇಲೆ ಟಕ್.

"ಒಂದೀಟು ಕುಂದ್ರು ಯವ್ವಾ. ನೀರು ಕುಡದು ಹೋಗು. ಇದು ಚಲೋ ಕಡಿಂದ ನುಡೀಲಿಲ್ಲ," ಅಂದರು.

"ಅದು ಹೇಂತಿನ ಕರ್ಯಾಕತ್ತೈತ್ರಿ, ನನ್ನನ್ನಲ್ಲ," ಅಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮೂರನೆಯ ಪೆಟ್ಟಿನ ಹಳೆಯ ಸಿಟ್ಟು ಎಲ್ಲಿತ್ತೋ, "ನಿಮ್ಮ ಈ ಕುಟ್ಟೋದರಿಂದ ಯಾರಿಗರ ಏನರ ಉಪಯೋಗ ಆಗೇತೇನ್ರಿ ಈವರೆಗೆ?" ಎಂದೂ ಕೇಳಿದೆ. ಅತ್ತೆ ಕುಟ್ಟಿದ ಬೆರಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು. ನಾನು ಸ್ಕೂಟಿ ಹತ್ತಿದೆ.

ಕಮಲಾಪುರ ಇನ್ನೂ ದೂರವಿತ್ತು, ಮೊಬೈಲಿನಲ್ಲಿ ಸೂಚನೆ ಬಂದ ಸದ್ದಾಯಿತು. ಗಾಡಿ ನಿಲ್ಲಿಸಿ ನೋಡಿದೆ. ಯಾರೋ ಬಂಡೆಹಲ್ಲಿ ಡಬ್ಬಿ ಹುಡುಕಿ, "ಸಿಗಲಿಲ್ಲ. ಡಬ್ಬಿ ಇಟ್ಟವರು ಒಮ್ಮೆ ಇದೆಯೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯದು" ಎಂದು ಬರೆದಿದ್ದರು. ಈ ಆಟ ಆಡುವವರಿಗೆ ಮಾತ್ರ ಆ ಮಾತಿನ ಉರಿ ಗೊತ್ತು. ನಾನು ಇಟ್ಟ ಡಬ್ಬಿ ಇಲ್ಲವೇ? ಬಂಡ್ರಿ ಎಲ್ಲಿಗೂ ಓಡಿಹೋಗುವುದಿಲ್ಲ ಅಂದುಕೊಂಡು, ಬಾಳೆ ತೋಟದ ದಾರಿಗೆ ಗಾಡಿ ತಿರುಗಿಸಿದೆ. ಯಾರಿಗೂ ಫೋನ್ ಮಾಡಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಯಾರಿಗೆ ಏನಂತ ಹೇಳುವುದು?

ಗಾಡಿಯನ್ನು ತೋಟದ ಅಂಚಿನಲ್ಲಿ ನಿಲ್ಲಿಸಿ ಗುಡ್ಡದ ಬುಡಕ್ಕೆ ನಡೆದೆ. ಬ್ಯಾಗ್ ಹೊತ್ತು ತೆವಳಲಾಗುವುದಿಲ್ಲ. ಬ್ಯಾಗು, ಅದರೊಳಗೆ ಮೊಬೈಲು, ನೀರಿನ ಬಾಟಲಿ, ಎಲ್ಲವನ್ನೂ ಹೊರಗಿನ ಬಂಡೆಯ ಮೇಲೆ ಬಿಟ್ಟು ಒಳಗೆ ಹೋದೆ. ಡಬ್ಬಿ ಇಟ್ಟಲ್ಲೇ ಇತ್ತು. ನಮ್ಮ ಮನೆಯದೇ ಹಳೆಯ ಸ್ಟೀಲ್ ಡಬ್ಬಿ, ಒಂದು ಕಾಲದಲ್ಲಿ ಅತ್ತೆ ಅದರಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು. ಹುಡುಕಿದವರು ಸಂದಿಯ ಬಾಯಿ ನೋಡಿ ಅಂಜಿ ವಾಪಸು ಹೋಗಿದ್ದರು ಅಷ್ಟೇ. ಗೆದ್ದೆ ಎಂಬ ಖುಷಿಯಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಕ್ಕೆ ಸರಿದೆ. ಎಡಗಾಲನ್ನು ಊರಿದ ಕಡೆ ನೆಲವಿರಲಿಲ್ಲ, ಎರಡು ಕಲ್ಲುಗಳ ನಡುವಿನ ಸಂದಿ ಇತ್ತು. ಕಾಲು ಇಳಿಯಿತು. ಪಕ್ಕದ ಕಲ್ಲು ಒಂದು ಸಲ ವಾಲಿ, ಪಾದದ ಗಂಟಿನ ಮೇಲೆ ಬಂದು ಕೂತಿತು.

ಮೂಳೆ ಮುರಿಯಲಿಲ್ಲ, ಅಂಥ ನೋವೂ ಇರಲಿಲ್ಲ. ಆದರೆ ಕಾಲು ಬರಲಿಲ್ಲ. ಎಳೆದರೆ ಕಲ್ಲು ಇನ್ನಷ್ಟು ಬಿಗಿಯಾಗುತ್ತಿತ್ತು. ಕಲ್ಲನ್ನು ತಳ್ಳೋಣವೆಂದರೆ ಬಗ್ಗುವಷ್ಟು ಜಾಗವಿಲ್ಲ. ತಲೆಯ ಮೇಲೆ ಒಂದು ಕೈಯಗಲದ ಬಿರುಕು, ಅದರಾಚೆ ಆಕಾಶ. ಕೈಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು.

ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ದನಿ ನನ್ನ ಕಿವಿಯಲ್ಲೇ ಗುಂಯ್‌ಗುಟ್ಟಿತೇ ಹೊರತು ಹೊರಗೆ ಹೋದಂತೆ ಅನಿಸಲಿಲ್ಲ. ಆಮೇಲೆ ನಿಧಾನವಾಗಿ ಲೆಕ್ಕ ಹಾಕಿದೆ. ನಾನು ಬಂಡ್ರಿಗೆ ಹೋಗಿದ್ದೇನೆಂದು ಮನೆಯಲ್ಲಿ ತಿಳಿದಿದ್ದಾರೆ. ಮನೆಯವರು ಬರುವುದು ನಡುರಾತ್ರಿ. ಆಮೇಲೆ ಹುಡುಕಿದರೂ ಸಂಡೂರು ದಾರಿಯಲ್ಲಿ ಹುಡುಕುತ್ತಾರೆ, ಇಲ್ಲಿಂದ ಬಹಳ ಮುಂದೆ. ಈ ಗುಡ್ಡಗಳಲ್ಲಿ ಕರಡಿಗಳಿವೆ, ಚಿರತೆಗಳಿವೆ. ಹೊತ್ತು ಮುಳುಗಿದ ಮೇಲೆ ಅವು ಇಳಿಯುವುದು ಇಂಥ ಸಂದಿಗಳಿಂದಲೇ ಎಂದು ಆ ಕಡೆಯ ಕೂಸಿಗೂ ಗೊತ್ತು. ಹೊತ್ತು ಮುಳುಗುವುದರೊಳಗೆ ಯಾರಾದರೂ ಬರಬೇಕು. ಬರಲು ಯಾರಿಗೂ ಒಂದು ಕಾರಣವಿರಲಿಲ್ಲ. ಆಗ ನನಗೆ ನಿಜವಾದ ಹೆದರಿಕೆ ಬಂತು. ಅಳು ಬಂತು.

ಹಲ್ಲಿಯನ್ನು ನೋಡಿದ್ದು ಆಮೇಲೆ. ಎದುರಿನ ಕಲ್ಲಿನ ಮೇಲೆ, ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ, ದೊಡ್ಡ ಬಂಡೆಹಲ್ಲಿ. ಎಷ್ಟು ಹೊತ್ತಿನಿಂದ ಅಲ್ಲಿತ್ತೋ. ಕಲ್ಲಿನ ಬಣ್ಣವೇ ಅದರ ಬಣ್ಣ, ಕಣ್ಣು ಮಾತ್ರ ಹೊಳೆಯುತ್ತಿತ್ತು. ಬೇರೆ ದಿನವಾಗಿದ್ದರೆ ಖುಷಿಪಟ್ಟು ಫೋಟೋ ತೆಗೆಯುತ್ತಿದ್ದೆ. ಹಗಲಲ್ಲಿ ಅವು ಹೆಚ್ಚು ಸದ್ದು ಮಾಡುವುದಿಲ್ಲ. ಇದು ಗಂಟಲು ಉಬ್ಬಿಸಿ ಲೊಚಗುಟ್ಟಿತು.

ಅದರ ಹಿಂದೆಯೇ ಕಲ್ಲಿನೊಳಗಿನಿಂದ ಕೇಳಿಸಿತು. ಟಕ್ ಟಕ್. ಆಮೇಲೆ ಟಕ್.

ಯಾರೋ ಇದ್ದಾರೆ ಎಂದು ನನಗಾದ ಸಂತೋಷವನ್ನು ಹೇಳಲಾರೆ. "ಯಾರ್ರಿ ಅದು? ಇಲ್ಲಿದೀನ್ರಿ!" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ. ಸ್ವಲ್ಪ ಹೊತ್ತಿಗೆ ಹಲ್ಲಿ ಮತ್ತೆ ಲೊಚಗುಟ್ಟಿತು, ಮತ್ತೆ ಎರಡು ಪೆಟ್ಟು, ತಡೆದು ಇನ್ನೊಂದು. ಸದ್ದು ಬರುತ್ತಿದ್ದುದು ನನ್ನ ಬೆನ್ನು ಆನಿಸಿದ್ದ ಬಂಡೆಯ ಒಳಗಿನಿಂದ. ಆ ಬಂಡೆಯಾಚೆ ಇನ್ನೊಂದು ಬಂಡೆ, ಅದರಾಚೆ ಇಡೀ ಗುಡ್ಡ. ಅಲ್ಲಿ ಮನುಷ್ಯರು ನಿಲ್ಲುವ ಜಾಗವಿಲ್ಲ ಎಂಬುದು ಡಬ್ಬಿಗೆ ಜಾಗ ಹುಡುಕಿ ಆ ಗುಡ್ಡವನ್ನು ಸುತ್ತಿದ್ದ ನನಗೆ ಚೆನ್ನಾಗಿ ಗೊತ್ತಿತ್ತು.

ನನಗೆ ನಾನೇ ಕೊಟ್ಟುಕೊಂಡ ಸಮಾಧಾನಗಳನ್ನೂ ಹೇಳುತ್ತೇನೆ. ಬಿಸಿಲಿಗೆ ಕಾದ ಬಂಡೆ ಸಣ್ಣಗೆ ಸಿಡಿಯುತ್ತದೆ, ಅದು ಟಕ್ಕೆನ್ನುತ್ತದೆ. ಸರಿ. ದೂರದಲ್ಲಿ ಯಾರೋ ಕಲ್ಲು ಒಡೆಯುತ್ತಿರಬಹುದು, ಬಂಡೆಯೊಳಗೆ ಸದ್ದು ಬಹಳ ದೂರ ಸಾಗುತ್ತದೆ. ಅದೂ ಸರಿ. ಆದರೆ ಬಿಸಿಲಾಗಲಿ ಕಲ್ಲು ಒಡೆಯುವವರಾಗಲಿ ಹಲ್ಲಿ ನುಡಿಯುವವರೆಗೆ ಕಾಯುತ್ತಾರೆಯೇ? ಹಲ್ಲಿಯೇ ಆ ಸದ್ದನ್ನೂ ಮಾಡುತ್ತಿದೆಯೇನೋ ಎಂದು ಅದರ ಗಂಟಲನ್ನೇ ನೋಡುತ್ತ ಕೂತೆ. ಪೆಟ್ಟು ಬೀಳುವಾಗ ಅದು ಅಲುಗಾಡುತ್ತಿರಲಿಲ್ಲ. ನಾನೂ ಉಸಿರು ಬಿಗಿ ಹಿಡಿದು ನೋಡಿದೆ. ಒಂದು ಸಲವೂ ತಪ್ಪಲಿಲ್ಲ. ಲೊಚಗುಟ್ಟಿತೆಂದರೆ ಎರಡು ಪೆಟ್ಟು, ಮೂರನೆಯದಕ್ಕೆ ತಡೆ. ಆ ತಡೆ ನನಗೆ ಎಷ್ಟು ಪರಿಚಿತವಾಗಿತ್ತೆಂದರೆ ಅದರ ನಡುವೆ "ಎಲ್ಲಾರ್ಗೂ ಚಲೋ ಆಗ್ಲಿ" ಅನ್ನುವಷ್ಟೇ ಜಾಗವಿತ್ತು. ಹಾಗೆಂದು ನಾನು ಒಪ್ಪಿಕೊಳ್ಳಲಿಲ್ಲ. ಸಾಯುವ ಹೊತ್ತಿನಲ್ಲೂ ಮೇಷ್ಟ್ರಗಿರಿ ಬಿಡುವುದಿಲ್ಲ ನೋಡಿ. ಬಾಯಾರಿದ ಮಿದುಳು ಪರಿಚಿತ ಸದ್ದನ್ನು ತಾನೇ ಹುಟ್ಟಿಸುತ್ತದೆ ಎಂದುಕೊಂಡೆ.

ಆದರೂ ನಿಜ ಹೇಳಬೇಕು. ಒಂದು ಗಂಟೆ, ಎರಡು ಗಂಟೆ, ಎರಡೂವರೆ. ಅಷ್ಟು ಹೊತ್ತು ನನ್ನನ್ನು ಹಿಡಿದಿಟ್ಟಿದ್ದು ಆ ಸದ್ದೇ. ಬಿರುಕಿನ ಬಿಸಿಲು ಹಣೆಯ ಮೇಲೆ ಬಂದು, ಭುಜಕ್ಕಿಳಿದು, ಕಲ್ಲು ಹತ್ತಿ ಹೋಯಿತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಕಾಲಿಗೆ ಜೋಮು ಹಿಡಿದು ಅದು ನನ್ನದೋ ಕಲ್ಲಿನದೋ ತಿಳಿಯದಾಯಿತು. ನಡುನಡುವೆ ಬಂಡೆಗಳೆರಡೂ ಒಳಗೆ ಸರಿಯುತ್ತಿವೆ, ಇನ್ನೊಂದು ಬೆರಳು ಸರಿದರೆ ಎದೆ ಅಪ್ಪಚ್ಚಿ ಎಂಬ ಭ್ರಮೆ ಬರುತ್ತಿತ್ತು. ಅಷ್ಟರಲ್ಲಿ ಹಲ್ಲಿ ನುಡಿಯುತ್ತಿತ್ತು, ಪೆಟ್ಟುಗಳು ಬೀಳುತ್ತಿದ್ದವು, ಮೂರನೆಯದು ಬೀಳುವವರೆಗೆ ನಾನು ಕಾಯುತ್ತಿದ್ದೆ, ಕಾಯುತ್ತ ಬಂಡೆ ಸರಿಯುವುದನ್ನು ಮರೆಯುತ್ತಿದ್ದೆ.

ಮೂರು ಗಂಟೆಯ ನಂತರ ಅದು ನಿಂತಿತು.

ಹಲ್ಲಿ ಲೊಚಗುಟ್ಟಿತು. ನಾನು ಕಾದೆ. ಏನೂ ಇಲ್ಲ. ಮತ್ತೆ ಲೊಚಗುಟ್ಟಿತು. ಇಲ್ಲ. ಗಡಿಯಾರ ನೋಡಿದೆ, ಮೂರೂ ಹತ್ತು. ಇದನ್ನು ಓದುವವರಿಗೆ ವಿಚಿತ್ರ ಅನಿಸಬಹುದು, ಆ ಸದ್ದು ಬಂದಾಗ ನನಗೆ ಹೆದರಿಕೆಯಾಗಲಿಲ್ಲ, ನಿಂತಾಗ ಆಯಿತು. ಆ ದಿನದಲ್ಲಿ ನಾನು ಪೂರ್ತಿ ಕೈಚೆಲ್ಲಿದ್ದು ಆ ಒಂದು ತಾಸಿನಲ್ಲಿ. ಕಾಲು ಕಿತ್ತು ಹೋದರೂ ಸರಿಯೆಂದು ಎಳೆದೆ. ಚರ್ಮ ಸುಲಿದು ರಕ್ತ ಬಂತು, ಕಲ್ಲು ಇನ್ನೊಂದಿಷ್ಟು ಬಿಗಿಯಿತು. ಹಲ್ಲಿ ಮಾತ್ರ ನುಡಿಯುವುದನ್ನು ಬಿಡಲಿಲ್ಲ. ಒಂದರ ಹಿಂದೆ ಒಂದು ನುಡಿಯುತ್ತಲೇ ಇತ್ತು, ಉತ್ತರ ಕೊಡುವವರಿರಲಿಲ್ಲ.

ನಾಲ್ಕರ ಸುಮಾರಿಗೆ ನಾನೇ ಕುಟ್ಟಿದೆ. ಯಾರಾದರೂ ಕೇಳಿಸಿಕೊಂಡು ಬರಲಿ ಎಂದು ಕುಟ್ಟಿದೆ ಅಂದರೆ ಸುಳ್ಳಾಗುತ್ತದೆ. ಸ್ಟೀಲ್ ಡಬ್ಬಿ ಬೆಳಗಿನಿಂದ ನನ್ನ ಮಡಿಲಲ್ಲೇ ಇತ್ತು, ಬಂಡೆಗೆ ಬಡಿದರೆ ದೂರ ಕೇಳಿಸುತ್ತದೆ ಎಂಬುದು ಆರನೇ ತರಗತಿಯ ಮಕ್ಕಳಿಗೂ ಹೊಳೆಯುವ ಬುದ್ಧಿ, ನನಗೆ ಹೊಳೆದಿರಲಿಲ್ಲ. ಹಲ್ಲಿ ನುಡಿದಾಗ ಯಾರಾದರೂ ಕುಟ್ಟಬೇಕು, ಯಾರೂ ಕುಟ್ಟುತ್ತಿಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಡಬ್ಬಿ ಎತ್ತಿ ಬಂಡೆಗೆ ಎರಡು ಸಲ ಬಡಿದೆ. "ಕೃಷ್ಣ, ಕೃಷ್ಣ" ಎಂದು ನನ್ನ ಬಾಯಿಂದಲೇ ಬಂತು. ಉಸಿರೆಳೆದುಕೊಂಡೆ. ಎಲ್ಲರಿಗೂ ಚಲೋ ಆಗಲಿ ಅಂದೆ, ಆ ಎಲ್ಲರಲ್ಲಿ ನನ್ನನ್ನೂ ಸೇರಿಸಿಕೋ ಎಂದು ಯಾರಿಗೆ ಬೇಡಿಕೊಂಡೆನೋ ಗೊತ್ತಿಲ್ಲ, ಮೂರನೆಯದು ಬಡಿದೆ.

ಪ್ರತಿ ಸಲವೂ ಹಾಗೆ ಬಡಿದೆ. ನಾಲ್ಕೂಕಾಲು ಗಂಟೆಗೆ, ನನ್ನ ಮೂರನೆಯ ಪೆಟ್ಟು ಬಿದ್ದ ಹಿಂದೆಯೇ, ಬಂಡೆಯೊಳಗಿನಿಂದ ಮತ್ತೆ ಟಕ್ ಟಕ್ ಕೇಳಿಸಿತು. ಈ ಸಲ ಅವಸರದಲ್ಲಿತ್ತು. ಓಡಿ ಬಂದವರು ಏದುಸಿರಿನಲ್ಲೇ ಕುಟ್ಟಿದ ಹಾಗಿತ್ತು. ನಾನು ಜೋರಾಗಿ ಅತ್ತುಬಿಟ್ಟೆ, ಅಳುತ್ತಲೇ ಬಡಿದೆ. ಅಲ್ಲಿಂದ ಮುಂದೆ ಇಬ್ಬರೂ ಕುಟ್ಟಿದೆವು. ಇಬ್ಬರು ಎಂದು ಬರೆಯಲು ನನ್ನ ಕೈ ತಡೆಯುತ್ತದೆ, ಬೇರೆ ಹೇಗೆ ಬರೆಯಲಿ?

ಐದು ಗಂಟೆಗೆ ಸಂದಿಯ ಬಾಯಲ್ಲಿ ಒಂದು ದನಿ ಕೇಳಿಸಿತು. "ಯಾರದು ಒಳಗ? ಮನುಷ್ಯಾರೋ, ಮತ್ತೇನರನೋ?"

ಅವಳ ಹೆಸರು ಹುಲಿಗೆಮ್ಮ. ಬಾಳೆ ತೋಟಕ್ಕೆ ಕೂಲಿಗೆ ಬಂದಿದ್ದವಳು. ಮನುಷ್ಯಳೇ ಎಂದು ನಾನು ಅರಚಿದ ಮೇಲೆ ತೋಟಕ್ಕೆ ಓಡಿಹೋಗಿ ಇಬ್ಬರು ಗಂಡಾಳುಗಳನ್ನು ಕರೆದುಕೊಂಡು, ಒಂದು ಹಾರೆ ಹಿಡಿದು ಬಂದಳು. ಗಂಡಾಳುಗಳಿಗೆ ಆ ಸಂದಿ ಇಕ್ಕಟ್ಟಾಯಿತು. ಹುಲಿಗೆಮ್ಮನೇ ಹಾರೆಯನ್ನು ಮುಂದೆ ತಳ್ಳಿಕೊಂಡು ತೆವಳಿ ಬಂದಳು. ಮೊದಲು ನನಗೆ ನೀರು ಕುಡಿಸಿದಳು. "ಅಳಬ್ಯಾಡ್ರಿ, ಅಕ್ಕಾರ. ಅಳ್ತಾ ಕುಂತ್ರ ಕಲ್ಲು ಕರಗತೈತೇನು?" ಎಂದು ಗದರಿ, ಮಲಗಿದಲ್ಲೇ ಹಾರೆ ಮೀಟಿ ಕಲ್ಲನ್ನು ಒಂದು ಬೆರಳಷ್ಟು ಎತ್ತಿದಳು. ಕಾಲು ಹೊರಗೆ ಬಂತು. ಬೆಳಗಿನಿಂದ ಮಣಭಾರವಾಗಿದ್ದ ಕಲ್ಲು ಅವಳ ಹಾರೆಗೆ ಅಷ್ಟು ಸುಲಭವಾಗಿ ಎದ್ದಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು.

ಹೊರಗೆ ಬಂದು ಬಂಡೆಗೆ ಒರಗಿ ಕೂತೆ. ಹುಲಿಗೆಮ್ಮ ಮಾತ್ರ ಸಂದಿಯ ಬಾಯಲ್ಲೇ ಬಗ್ಗಿ ನಿಂತು ಒಳಗೆ ಇಣುಕುತ್ತಿದ್ದಳು.

"ಇನ್ನೊಬ್ರು ಎಲ್ಲಿ?" ಅಂದಳು.

"ಯಾರು ಇನ್ನೊಬ್ಬರು? ನಾನೊಬ್ಬಾಕೀನ," ಅಂದೆ.

"ಹಂಗಂದ್ರ? ಮಧ್ಯಾನ ನಾವು ಬುತ್ತಿ ಬಿಚ್ಚಿದಾಗಿಂದ ಟಕ್ ಟಕ್ ಅಂತ ಕೇಳಾಕತ್ತಿತ್ತು. ಯಾರೋ ಕಲ್ಲು ಒಡ್ಯಾಕತ್ತಾರ ಅಂತ ಸುಮ್ನಿದ್ವಿ. ನಡುವ ನಿಂತಿತ್ತು. ಆಮ್ಯಾಗ ಡಬ್ಬಿ ಸಪ್ಪಳ ಸುರು ಆತು. ಕಲ್ಲು ಒಡ್ಯೋರು ಡಬ್ಬಿ ಯಾಕ ಬಡೀತಾರ ಅಂತ ನಾ ಎದ್ದು ಬಂದೆ. ಬರೋವಾಗ ಎರಡೂ ಕೇಳಾಕತ್ತಿತ್ತಲ್ರಿ, ಡಬ್ಬೀದೂ, ಕಲ್ಲಿಂದೂ."

ಅಲ್ಲಿಯವರೆಗೆ ನನಗೆ ಮಿದುಳಿನ ಭ್ರಮೆ ಎಂಬ ಒಂದು ಆಸರೆ ಇತ್ತು. ಹುಲಿಗೆಮ್ಮ ಅದನ್ನೂ ಕಿತ್ತುಕೊಂಡಳು. ಅವಳು ಇನ್ನೂ ಒಂದು ಸಲ ಒಳಗೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, "ನಡೀರಿ, ಇಲ್ಲಿ ಕುಂದ್ರೂದು ಬ್ಯಾಡ," ಅಂದಳು. ಗಂಡಾಳುಗಳಲ್ಲಿ ಒಬ್ಬ ನನ್ನ ಸ್ಕೂಟಿ ಓಡಿಸಿದ, ಹಿಂದೆ ಕೂತು ಕಂಪ್ಲಿಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅತ್ತೆ ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನ ಕಾಲಿನ ರಕ್ತ ನೋಡಿದರು. ಏನಾಯಿತೆಂದು ಕೇಳುವ ಮೊದಲೇ ಅವರ ಬಾಯಿಂದ ಬಂದದ್ದು ಬೇರೆ ಮಾತು.

"ಬಂದಿ ಯವ್ವಾ? ನೀ ಹೋದ ಹಿಂದಕ ಆ ಹಲ್ಲಿ ಒಂದೇ ಸಮ ನುಡ್ಯಾಕತ್ತಿತು ನೋಡು. ಕುಟ್ಟಿ ಕುಟ್ಟಿ ಬೆರಳು ಹೋತು. ಮೂರರ ಬಸ್ಸು ಹೋದ ಮ್ಯಾಲ ಗಿರಣಿಗೆ ಹೋದೆ, ಜ್ವಾಳ ಬೀಸ್ಕೊಂಡು ಬರಾಕ. ಗಿರಣ್ಯಾಗ ಪಾಳಿ ಭಾಳ ಇತ್ತು. ಅಲ್ಲಿ ನಿಂತ್ರ ಜೀವ ನಿಲ್ಲಾಕ ಒಲ್ಲದು. ಹಲ್ಲಿ ನುಡೀತೋ ಏನೋ, ಕುಟ್ಟೋರಿಲ್ಲ ಮನ್ಯಾಗ, ಅಂತ. ಹಿಟ್ಟು ಅಲ್ಲೇ ಬಿಟ್ಟು ಓಡಿ ಬಂದೆ."

ಅವರ ಬಲಗೈ ನೋಡಿದೆ. ತೋರುಬೆರಳಿನ ಗೆಣ್ಣಿನ ಚರ್ಮ ಸುಲಿದು ಕೆಂಪಗಾಗಿತ್ತು. ಪಕ್ಕದ ಕಡಪ ಕಲ್ಲಿನ ಮೇಲೆ ಒಣಗಿದ ಒಂದು ಸಣ್ಣ ಕಲೆ. ನಾನು ಎಲ್ಲಿಗೆ ಹೋಗಿದ್ದೆ, ಏನಾಯಿತು, ಯಾವ ಹೊತ್ತಿಗೆ ಏನು ನಿಂತಿತು, ಒಂದನ್ನೂ ಅವರಿಗೆ ಆಗಿನ್ನೂ ಹೇಳಿರಲಿಲ್ಲ. ಅವರ ಪಕ್ಕದಲ್ಲಿ ಕುಸಿದು ಕೂತೆ. ಬೆಳಿಗ್ಗೆ ನಾನು ಕೇಳಿದ ಪ್ರಶ್ನೆ ನೆನಪಿಗೆ ಬಂತು. ಅವರ ಕೈ ಹಿಡಿದುಕೊಂಡು "ತಪ್ಪಾತ್ರಿ ಅತ್ತಿ" ಅಂದೆ. ಯಾವ ತಪ್ಪು ಎಂದು ಅವರು ಕೇಳಲಿಲ್ಲ, ಅರಿಶಿನ ತರಲು ಎದ್ದರು. ಆ ಅರಿಶಿನವನ್ನು ನನ್ನ ಕಾಲಿಗೆ ಅವರು ಹಚ್ಚಿದರು, ಅವರ ಬೆರಳಿಗೆ ನಾನು ಹಚ್ಚಿದೆ.

ಡಬ್ಬಿಯನ್ನು ಆಮೇಲೆ ರಸ್ತೆ ಪಕ್ಕದ ಬಂಡೆಯೊಂದರ ಅಡಿಗೆ, ಕೂಸೂ ತೆಗೆಯುವಂಥ ಕಡೆ ಇಟ್ಟೆವು. ಭಾಳ ಸುಲಭವಾಯಿತೆಂದು ಆ್ಯಪಿನಲ್ಲಿ ದೂರುಗಳು ಬರುತ್ತವೆ, ಬರಲಿ. ಶಾರದಾಳಿಗೆ ಕಾಲು ಸಿಕ್ಕಿಕೊಂಡದ್ದನ್ನು ಮಾತ್ರ ಹೇಳಿದ್ದೇನೆ. ಉಳಿದದ್ದನ್ನು ಹೇಳಿದರೆ ಅವಳು ಒಂದು ವಿವರಣೆ ಕೊಡುತ್ತಾಳೆ. ಅವಳು ಕೊಡಬಹುದಾದ ವಿವರಣೆಗಳನ್ನೆಲ್ಲ ನಾನೇ ಕೊಟ್ಟುಕೊಂಡು ನೋಡಿದ್ದೇನೆ. ಬೇಸಿಗೆಯಲ್ಲಿ ಎಲ್ಲ ಕಡೆಯೂ ಹಲ್ಲಿಗಳು ಲೊಚಗುಟ್ಟುತ್ತವೆ. ಅತ್ತೆ ದಿನವೂ ಕುಟ್ಟುತ್ತಾರೆ, ವಾರಕ್ಕೊಮ್ಮೆ ಗಿರಣಿಗೆ ಹೋಗುತ್ತಾರೆ. ಬಂಡೆ ಬಿಸಿಲಿಗೆ ಸಿಡಿಯುತ್ತದೆ. ಒಂದೊಂದಾಗಿ ತೆಗೆದುಕೊಂಡರೆ ಎಲ್ಲವೂ ಸರಿ. ಎಲ್ಲವನ್ನೂ ಒಟ್ಟಿಗಿಟ್ಟರೆ ನನ್ನ ವಿಜ್ಞಾನ ಸುಮ್ಮನಾಗುತ್ತದೆ. ಈಗಲೂ ನಾನು ಶಕುನ ನಂಬುವುದಿಲ್ಲ. ಆದರೆ ಆವತ್ತು ಬಂಡೆಯೊಳಗೆ ಕುಟ್ಟಿದ್ದು ಏನು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಅತ್ತೆಗೆ ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಟಿವಿ ಕೇಳಿಸುವುದಿಲ್ಲ, ಬಾಗಿಲು ಬಡಿದರೆ ಕೇಳಿಸುವುದಿಲ್ಲ, ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಯಂತೂ ಕೇಳಿಸುವುದೇ ಇಲ್ಲ. ಅದು ನುಡಿದಾಗ ಅವರು ಸುಮ್ಮನೆ ಕೂತಿರುತ್ತಾರೆ. ಆದರೆ ಒಮ್ಮೊಮ್ಮೆ ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾವ ಸದ್ದೂ ಇಲ್ಲದಾಗ, ನಮ್ಮ ಹಲ್ಲಿಗಳೆಲ್ಲ ತೆಪ್ಪಗಿರುವಾಗ, ಇದ್ದಕ್ಕಿದ್ದಂತೆ ಬಗ್ಗಿ ಕಡಪ ಕಲ್ಲನ್ನು ಕುಟ್ಟತೊಡಗುತ್ತಾರೆ. ಟಕ್ ಟಕ್, ಆಮೇಲೆ ಟಕ್. ಕೆಲವು ಸಲ ಒಂದು ತಾಸು, ಎರಡು ತಾಸು. ಎಲ್ಲಿ ನುಡಿಯಿತೆಂದು ನಾನು ಕೇಳುವುದಿಲ್ಲ, ಕೇಳಿದರೂ ಅವರಿಗೆ ಕೇಳಿಸುವುದಿಲ್ಲ. ಉತ್ತರ ಪತ್ರಿಕೆಗಳನ್ನು ಬದಿಗೆ ಸರಿಸಿ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಅವರ ಬೆರಳು ದಣಿದಾಗ, ಅವರು ಮತ್ತೆ ಶುರು ಮಾಡುವವರೆಗೆ, ನಾನು ಕುಟ್ಟುತ್ತೇನೆ.